ಬಾಗಿಲ ಹಿಂದಿನ ದೀಪ

ಗಣಪತಿ ಹಬ್ಬ ಹತ್ತಿರ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕೂತು ಮಂಟಪಕ್ಕೆಂದು ಥರ್ಮಾಕೋಲು ಕತ್ತರಿಸುತ್ತಾರೆ. ಕಾದ ತಂತಿ ತಾಗಿದೊಡನೆ ಏಳುವ ಆ ಸುಟ್ಟ ವಾಸನೆ ಎರಡನೆಯ ಮಹಡಿಯವರೆಗೂ ಬರುತ್ತದೆ. ಉಳಿದವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಳ್ಳುತ್ತಾರೆ, ನಾನು ತೆರೆಯುತ್ತೇನೆ. ಇದೇ ಜಾಗದಲ್ಲಿ ಮೊದಲು ನಮ್ಮ ಮನೆ ಇತ್ತು. ಎರಡು ಕೋಣೆ, ಒಂದು ನಡುಮನೆ, ಬೀದಿಗೆ ಮುಖ ಮಾಡಿದ ಸಣ್ಣ ವರಾಂಡ. ಹೈದರಾಬಾದಿನ ಈ ಕುಷಾಯಿಗೂಡ ಆಗ ಊರ ಹೊರಗೇ ಎನ್ನಬೇಕು. ಅಪ್ಪ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದರು. ಸಂಜೆ ಮನೆಗೆ ಬಂದು ಚಹಾ ಕುಡಿದವರೇ ಊಟದ ಮೇಜಿನ ಮುಂದೆ ಕೂತು, ಕಾದ ತಂತಿಯಿಂದ ಥರ್ಮಾಕೋಲು ಕತ್ತರಿಸಿ ಪಟ್ಟಣದ ಒಬ್ಬ ಆರ್ಕಿಟೆಕ್ಟರಿಗೆ ಕಟ್ಟಡಗಳ ಮಾಡೆಲ್ ಮಾಡಿಕೊಡುತ್ತಿದ್ದರು. ಕಲ್ಯಾಣಮಂಟಪ, ಆಸ್ಪತ್ರೆ, ಕಾಲೇಜು ಎಲ್ಲವೂ ಕಟ್ಟುವ ಮೊದಲು ನಮ್ಮ ಮೇಜಿನ ಮೇಲೆ ಎದ್ದು ನಿಲ್ಲುತ್ತಿದ್ದವು. ಹಾಗಾಗಿ ನಾವು ಊಟದ ಮೇಜಿದ್ದೂ ವರ್ಷವಿಡೀ ನೆಲದ ಮೇಲೆ ಕೂತೇ ಉಣ್ಣುತ್ತಿದ್ದೆವು. ಅಮ್ಮ ಇದಕ್ಕೆ ಗೊಣಗುತ್ತಿದ್ದಳು, ಆದರೆ ಮನೆಗೆ ಯಾರಾದರೂ ಬಂದರೆ ಮೊದಲು ಕರೆದೊಯ್ದು ತೋರಿಸುತ್ತಿದ್ದುದು ಆ ಮೇಜನ್ನೇ.

ಒಂದು ಬೇಸಿಗೆಯಲ್ಲಿ ಆ ಮೇಜಿನ ಮೇಲೆ ಸಮುದ್ರ ಬಂತು. ವಿಶಾಖಪಟ್ಟಣದಿಂದ ಆಚೆ ಎಲ್ಲೋ ದಂಡೆಯೊಂದರಲ್ಲಿ ಪ್ರವಾಸಿಗಳಿಗಾಗಿ ದೊಡ್ಡ ರೆಸಾರ್ಟ್ ಕಟ್ಟಬೇಕೆಂದು ಹೈದರಾಬಾದಿನ ಕಚೇರಿಗಳಲ್ಲಿ ಮಾತು ನಡೆದಿತ್ತು. ಮಂತ್ರಿಗಳ ಮುಂದಿಡಲು ಅದರ ಮಾಡೆಲ್ ಬೇಕಿತ್ತು. ಅಪ್ಪ ನೀಲಿ ಹೊಳಪಿನ ಕಾಗದವನ್ನು ಸುಕ್ಕುಗಟ್ಟಿಸಿ ಅಲೆ ಮಾಡಿದರು. ಜರಡಿ ಹಿಡಿದ ನಿಜವಾದ ಉಸುಕನ್ನು ಗೋಂದಿನ ಮೇಲೆ ಉದುರಿಸಿ ದಂಡೆ ಮಾಡಿದರು. ಹಸಿರು ಬಣ್ಣದಲ್ಲಿ ಅದ್ದಿದ ಸ್ಪಂಜಿನ ಚೂರುಗಳು ಸರ್ವೆ ಮರಗಳ ತೋಪಾದವು. ತೋಪಿನ ಮುಂದೆ, ನೀರಿಗೆ ಒತ್ತಿಕೊಂಡಂತೆ, ಕುಟೀರಗಳ ಸಾಲು ಮತ್ತು ಒಂದು ರೆಸ್ಟೋರೆಂಟ್. ಕೋಠಿ ಪೇಟೆಯ ಗಲ್ಲಿಯಿಂದ ಅಕ್ಕಿಕಾಳಿನಷ್ಟು ಸಣ್ಣ ಬಲ್ಬುಗಳನ್ನು ತಂದು ದಂಡೆಯ ಉದ್ದಕ್ಕೂ ದೀಪದ ಕಂಬ ನಿಲ್ಲಿಸಿ, ರೆಸ್ಟೋರೆಂಟಿನ ಒಳಗೂ ಕೆಲವನ್ನು ಇಟ್ಟಿದ್ದರು. ಸ್ವಿಚ್ ಹಾಕಿದರೆ ಅವು ಒಟ್ಟಿಗೇ ಹತ್ತುತ್ತಿದ್ದವು. ನನ್ನ ಕಣ್ಣಿಗೆ ಅದಕ್ಕಿಂತ ಚಂದದ ಊರು ಭೂಮಿಯ ಮೇಲೆ ಇರಲಿಲ್ಲ.

ಮಾಡೆಲ್ ಇನ್ನೇನು ಮುಗಿಯುತ್ತದೆ ಎನ್ನುವಾಗ ಕಾಕಾ ಬಂದರು. ಅಪ್ಪನ ತಮ್ಮ. ಅರಣ್ಯ ಇಲಾಖೆಯ ನೌಕರಿ, ಅದೇ ಸಮುದ್ರದ ಕಡೆಗೇ. ಬಿಸಿಲಿಗೆ ಕಾಗೆಯಂತೆ ಕಪ್ಪಾಗಿದ್ದರು. ಬ್ಯಾಗು ಕೊಡವಿದರೆ ಉಸುಕು ಬೀಳುತ್ತಿತ್ತು, ಅಮ್ಮ ಅವರು ಹೋದ ಮೇಲೆ ವಾರಗಟ್ಟಲೆ ಗುಡಿಸುತ್ತಿದ್ದಳು. ಈ ಸಲ ಹೈದರಾಬಾದಿಗೆ ಬಂದದ್ದು ದೊಡ್ಡ ಅಧಿಕಾರಿಗಳನ್ನು ಕಂಡು, ಆಮೆಗಳು ತತ್ತಿ ಇಡುವ ದಂಡೆಯಲ್ಲಿ ಏನೋ ಕಟ್ಟಲು ಹೊರಟಿದ್ದಾರೆ, ಬೇಕಾದರೆ ತೋಪಿನ ಹಿಂದಕ್ಕೆ ಸರಿಸಿ ಎಂದು ಹೇಳುವುದಕ್ಕೆ. ಮೂರು ಕಚೇರಿ ಸುತ್ತಿ, ಯಾರೂ ಕುರ್ಚಿ ಕೂಡ ತೋರಿಸದೆ, ಸೋತು ಮನೆಗೆ ಬಂದು ಕೈಕಾಲು ತೊಳೆದರು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಮೇಜಿನ ಮುಂದೆ ನಿಂತವರು ಹಾಗೇ ನಿಂತುಬಿಟ್ಟರು.

"ಅಣ್ಣಾ, ಇದು ನಾ ಅಡ್ಡಾಡೋ ದಂಡಿ ಐತಲ್ಲೋ."

ಅಪ್ಪನಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಕಾಶೆಯಲ್ಲಿ ಇದ್ದದ್ದು ಅಳತೆ ಮಾತ್ರ. ಆದರೂ ಅವರು ಸೋಲೊಪ್ಪುವವರಲ್ಲ. "ನಾ ಬರೇ ಗೊಂಬಿ ಮಾಡಾಂವ. ಕಟ್ಟೋರು ಬ್ಯಾರೆ," ಎಂದು ಕುಂಚ ತೊಳೆಯಲು ಎದ್ದುಹೋದರು.

ನಮ್ಮ ಅಜ್ಜಿಯ ಹತ್ತಿರ ಚೌಕಾಬಾರ ಆಡುವ ಹುಣಸೆಬೀಜಗಳ ಒಂದು ಡಬ್ಬಿ ಇತ್ತು. ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು. ಕಾಕಾ ಆ ಡಬ್ಬಿ ಕೇಳಿ ತರಿಸಿಕೊಂಡು, ಕಪ್ಪು ಮೈ ಮೇಲಾಗುವಂತೆ ಒಂದೊಂದನ್ನೇ ಉಸುಕಿನ ಮೇಲೆ ಇಡತೊಡಗಿದರು. ಇಲ್ಲಿ ಒಂದು ತತ್ತಿಗೂಡು, ಇಲ್ಲಿ ಒಂದು. ನಿಜವಾಗಿ ದಂಡೆಗೆ ಏರಿ ಬಂದ ಆಮೆಗಳ ಬೆನ್ನಿನಂತೆಯೇ ಕಾಣುತ್ತಿದ್ದವು. ಹಲವು ಬೀಜಗಳಿಗೆ ಜಾಗವೇ ಇರಲಿಲ್ಲ, ಕುಟೀರದ ಚಾವಣಿಯ ಮೇಲೆ ಇಟ್ಟರು. ರೆಸ್ಟೋರೆಂಟಿನ ಮೇಲೂ ಇಟ್ಟರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಕಾಕಾ ಎದ್ದು ನಡುಮನೆಯ ಟ್ಯೂಬ್‌ಲೈಟ್ ಆರಿಸಿ ಮಾಡೆಲ್‌ನ ಸ್ವಿಚ್ ಹಾಕಿದರು.

ನಮ್ಮ ಮನೆಯಲ್ಲಿ ಆ ಹೊತ್ತಿಗೆ ಕತ್ತಲೆ ಮಾಡುವುದೆಂದರೆ ಸಾಮಾನ್ಯ ತಪ್ಪಲ್ಲ. ಮುಸ್ಸಂಜೆಗೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿ, ಅದರಿಂದ ಇನ್ನೊಂದನ್ನು ಹಚ್ಚಿ ವರಾಂಡದ ಹೊಸ್ತಿಲ ಬಳಿ ಇಡಬೇಕು, ವರಾಂಡದ ಬಲ್ಬೂ ಉರಿಯಬೇಕು. ಕರೆಂಟು ಹೋದರೆ ವಿದ್ಯುತ್ ಮಂಡಳಿಯವರಿಗೆ ಅವಳಿಂದ ಪೂಜೆ ಆಗುತ್ತಿತ್ತು.

"ದೀಪಾ ಹಚ್ಚೂ ಹೊತ್ತಿನ್ಯಾಗ ಯಾರಲೇ ಲೈಟ್ ಆರಿಸಿದಾಂವ?" ಎಂದು ದೇವರ ಕೋಣೆಯಿಂದಲೇ ಕೂಗಿದಳು.

"ಒಂದ್ ಗಳಿಗಿ ತಡಿ ಅವ್ವಾ," ಎಂದು ಕಾಕಾ ನನ್ನನ್ನು ಕರೆದರು. "ಬೇಬಿ, ಗದ್ದ ಮೇಜಿನ ಮ್ಯಾಲಿಡು. ನೀ ಈಗಷ್ಟ ತತ್ತಿ ಒಡಕೊಂಡು ಉಸುಕಿನ್ಯಾಗಿಂದ ಹೊರಗ ಬಂದಿ. ಅವ್ವ ಇಲ್ಲ, ಅಪ್ಪ ಇಲ್ಲ, ಹೇಳಾಕ ಯಾರೂ ಇಲ್ಲ. ಎಲ್ಲಿ ಬೆಳಕೈತೋ ಅಲ್ಲಿಗೆ ಹೋಗೂದೊಂದ ಗೊತ್ತು. ಯಾವ ಕಡೆ ಹೋಗ್ತಿ?"

ಗದ್ದ ಊರಿ ನೋಡಿದೆ. ನೀಲಿ ಕಾಗದ ಕತ್ತಲಲ್ಲಿ ಎಲ್ಲೋ ಹೋಗಿತ್ತು. ರೆಸ್ಟೋರೆಂಟು ಜಗಮಗಿಸುತ್ತಿತ್ತು. ನಾನು ಖುಷಿಯಿಂದ ಅತ್ತ ಬೆರಳು ತೋರಿಸಿದೆ.

"ಸತ್ತಿ," ಎಂದರು ಕಾಕಾ.

ಆಮೇಲೆ ಬಿಡಿಸಿ ಹೇಳಿದರು. ಚುಕ್ಕಿ ಬೆಳಕಿಗೆ ಹೊಳೆಯುವ ನೀರನ್ನು ನೋಡಿಕೊಂಡು ಮರಿಗಳು ಸಮುದ್ರ ಸೇರುತ್ತವೆ. ದಂಡೆಯಲ್ಲಿ ದೀಪ ಹಚ್ಚಿದರೆ ಅದನ್ನೇ ಸಮುದ್ರ ಎಂದುಕೊಂಡು ರಸ್ತೆಗೆ ಬರುತ್ತವೆ, ನಾಯಿಗೂ ಕಾಗೆಗೂ ಲಾರಿಗೂ ಸಿಗುತ್ತವೆ. ಅಜ್ಜಿ ಎಣ್ಣೆಯ ಬತ್ತಿ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಆ ಸಂಜೆ ನಮ್ಮ ಮನೆಯ ದೀಪ ತಡವಾಗಿ ಹತ್ತಿತು. ನನಗೆ ತಿಳಿದಂತೆ ಅದೇ ಮೊದಲು.

ಕಾಕಾ ಮರುದಿನದ ರೈಲಿಗೆ ಹೋದರು. ಅಪ್ಪ ಅವರನ್ನು ನಿಲ್ದಾಣಕ್ಕೆ ಬಿಟ್ಟು ಬಂದು, ಯಾರಿಗೂ ಏನೂ ಹೇಳದೆ, ದಂಡೆಯ ದೀಪದ ಕಂಬಗಳನ್ನೆಲ್ಲ ಕಿತ್ತರು. ಕುಟೀರಗಳನ್ನೂ ರೆಸ್ಟೋರೆಂಟನ್ನೂ ಎಬ್ಬಿಸಿ ತೋಪಿನ ಹಿಂದೆ ಕೂಡಿಸಿದರು. ಹುಣಸೆಬೀಜಗಳನ್ನು ಕಾಕಾ ಇಟ್ಟಿದ್ದ ಜಾಗಗಳಲ್ಲೇ ಗೋಂದು ಹಾಕಿ ಅಂಟಿಸಿದರು. ಹಾಗೆಯೇ ಒಯ್ದು ಕೊಟ್ಟರು. ಆರ್ಕಿಟೆಕ್ಟರಿಗೆ ಸಿಟ್ಟು ನೆತ್ತಿಗೇರಿತು, ಬದಲಿಸಲು ಸಮಯವಿರಲಿಲ್ಲ. ಸಭೆಯಲ್ಲಿ ಯಾರೋ ಬೀಜಗಳನ್ನು ತೋರಿಸಿ ಇವೇನೆಂದು ಕೇಳಿದರಂತೆ. ಅಪ್ಪ ತಮ್ಮ ಹರಕುಮುರುಕು ತೆಲುಗಿನಲ್ಲಿ ಆಮೆಯ ಕತೆ ಹೇಳಿದರಂತೆ. ಕೆಲವರು ನಕ್ಕರು, ಒಬ್ಬರು ನಗಲಿಲ್ಲ. ಯೋಜನೆಯನ್ನು ಇನ್ನೊಮ್ಮೆ ನೋಡೋಣ ಎಂದು ಮುಂದೂಡಿದರು. ಅಪ್ಪನಿಗೆ ಮತ್ತೆ ಯಾವ ಮಾಡೆಲ್ಲೂ ಬರಲಿಲ್ಲ. ಊಟದ ಮೇಜು ನಮಗೆ ಮರಳಿತು, ಅದರ ಮೇಲೆ ಉಣ್ಣುವುದು ನಮಗ್ಯಾರಿಗೂ ಹಿಡಿಸಲಿಲ್ಲ. ಚೌಕಾಬಾರಕ್ಕೆ ಬೀಜವಿಲ್ಲದೆ ಅಜ್ಜಿ ಕವಡೆ ತರಿಸಿಕೊಂಡಳು.

ಯೋಜನೆ ಕೆಲವು ವರ್ಷ ನಿಂತಿತ್ತು. ಮುಂದಿನ ಬೇಸಿಗೆಯಲ್ಲೇ ಅಜ್ಜಿ ಫೋನಿನಲ್ಲಿ ಮರಿಗಳು ಯಾವಾಗ ಬರುತ್ತವೆಂದು ಕಾಕಾನನ್ನು ಕೇಳಿ ತಿಳಿದುಕೊಂಡಳು. ಶಿವರಾತ್ರಿ ಕಳೆದದ್ದೇ ವರಾಂಡದ ಬಲ್ಬು ಆರಿತು, ಹೊಸ್ತಿಲ ದೀಪ ಬಾಗಿಲ ಹಿಂದಕ್ಕೆ ಸರಿಯಿತು. ಅಕ್ಷತ್ತದಿಗಿ, ಅಂದರೆ ಅಕ್ಷಯ ತೃತೀಯೆಯವರೆಗೂ ಹಾಗೇ. "ಸಮುದ್ರ ಎಲ್ಲಿ, ಕುಷಾಯಿಗೂಡ ಎಲ್ಲಿ ಅವ್ವಾ," ಎಂದು ಅಪ್ಪ ಹೊಟ್ಟೆ ಹಿಡಿದು ನಕ್ಕರು. "ನಕ್ಕೋ. ಹಾದಿ ತಪ್ಪಿದ್ದಕ್ಕ ದೂರ ಏನು, ಹತ್ರ ಏನು," ಎಂದಳು. ಪಕ್ಕದ ಮನೆಯವರು ಬಲ್ಬು ಹೋಯಿತೇ ಎಂದು ಕೇಳಿದರೆ ಹೌದೆನ್ನುತ್ತಿದ್ದಳು. ಪ್ರತಿ ವರ್ಷವೂ ಹೌದೆನ್ನುತ್ತಿದ್ದಳು.

ಈಗ ಅವರಾರೂ ಇಲ್ಲ. ಮೊದಲು ಅಜ್ಜಿ, ಆಮೇಲೆ ಅಪ್ಪ, ಹೋದ ವರ್ಷ ಕಾಕಾ. ಮೇಜು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಅಜ್ಜಿ ಇದ್ದ ಕೊನೆಯ ಬೇಸಿಗೆಯದೊಂದು ಸಂಜೆ ಮಾತ್ರ ಕಣ್ಣಿಗೆ ಕಟ್ಟಿದೆ. ಆ ಹೊತ್ತಿಗೆ ರೆಸಾರ್ಟ್ ಎದ್ದಾಗಿತ್ತು, ಮೊದಲಿನ ನಕಾಶೆಯಂತೆಯೇ, ನೀರಿಗೆ ಒತ್ತಿಕೊಂಡು. ಕಾಕಾ ಫೋನ್ ಮಾಡಿದರು, ನಾನೇ ಎತ್ತಿಕೊಂಡೆ. "ಈ ವರ್ಷ ದಂಡಿ ಮ್ಯಾಲೆ ಒಂದೂ ಆಮಿ ಹೆಜ್ಜಿ ಕಾಣಲಿಲ್ಲ ಬೇಬಿ," ಎಂದರು. "ಅವ್ವಗ ಹೇಳು, ಇನ್ನ ದೀಪಾ ಹೊರಗಿಟ್ರೂ ನಡೀತೈತಿ."

ಅಜ್ಜಿ ಬತ್ತಿ ಹೊಸೆಯುತ್ತ ಕೂತಿದ್ದಳು. ಹೇಳಿದೆ. ಅವಳು ದೀಪ ಹಚ್ಚಿದಳು, ಗೋಡೆ ಹಿಡಿದು ಎದ್ದಳು, ಹೊಸ್ತಿಲವರೆಗೆ ಹೋಗಿ ನಿಂತು ಕತ್ತಲೆಯ ಬೀದಿಯನ್ನು ನೋಡಿದಳು.

"ಒಂದ್ ಮರಿ ಆದ್ರೂ ಬಂದ್ರ?" ಎಂದಳು. ದೀಪವನ್ನು ಬಾಗಿಲ ಹಿಂದೆಯೇ ಇಟ್ಟಳು.