ಮಗಳ ಟ್ರಯಾಥ್ಲಾನ್‌ನಲ್ಲಿ ನನ್ನ ಕೈಗಳಿಗೆ ಕೆಲಸವಿರಲಿಲ್ಲ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಬದುಕಿನ ಬಹುಪಾಲು ನರ್ಸ್ ಆಗಿದ್ದವಳು ನಾನು. ಅಲ್ಲಿ ಡಾಕ್ಟರರು ತಲೆ ಎತ್ತುವುದಿಲ್ಲ. ಕೈ ಚಾಚುತ್ತಾರೆ, ಅಷ್ಟೆ. ಆ ಅಂಗೈಗೆ ಕತ್ತರಿ ಬೇಕೋ ಚಿಮಟ ಬೇಕೋ ಎಂಬುದು ಅವರು ಬಾಯಿ ಬಿಡುವ ಮೊದಲೇ ನಮಗೆ ಗೊತ್ತಿರಬೇಕು. ನಿವೃತ್ತಿಯಾದ ಮೇಲೂ ಈ ರೂಢಿ ಹೋಗಲಿಲ್ಲ. ಊಟಕ್ಕೆ ಕೂತವರು ಕೇಳುವ ಮುಂಚೆಯೇ ಉಪ್ಪಿನ ಬಟ್ಟಲು ಸರಿಸುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಗಳು ನೆದರ್‌ಲೆಂಡ್ಸಿನ ಬೆಸ್ಟ್‌ನಲ್ಲಿ ಮನೆ ಮಾಡಿದ್ದಳು. ಪಕ್ಕದ ಐಂಡ್‌ಹೋವನ್‌ನಲ್ಲಿ ಎಂಜಿನಿಯರ್ ಕೆಲಸ. ಅಳಿಯ ಮೈಸೂರಿನವರು, ಆ ಮನೆಯಲ್ಲಿ ಅಡುಗೆ ಮತ್ತು ಹಾಸ್ಯ ಎರಡೂ ಅವರದೇ. ಒಂದು ಏಪ್ರಿಲ್‌ನಲ್ಲಿ ನಾನು ಅಲ್ಲಿಗೆ ಹೋದ ಮೊದಲ ಸಂಜೆಯೇ ಮಗಳು ವಿಷಯ ತೆಗೆದಳು.

"ಅವ್ವ, ಈ ಸಲ ನಾ ಟ್ರಯಾಥ್ಲಾನ್ ಮುಗಸೇ ಮುಗಸ್ತೀನಿ."

"ಹಂಗಂದ್ರ ಏನವಾ?"

"ಮೊದಲ ಕೆರ್ಯಾಗ ಈಜೂದು, ಆಮ್ಯಾಲೆ ಸೈಕಲ್ ಹೊಡಿಯೂದು, ಆಮ್ಯಾಲೆ ಓಡೂದು. ನಡುವ ಕೂಡಂಗಿಲ್ಲ."

"ಮೂರು ಶಿಕ್ಷೆ ಒಟ್ಟಿಗೆ ಅತ್ತೆ," ಎಂದರು ಅಳಿಯ. "ಅದಕ್ಕೆ ನಾವೇ ಅಪ್ಲಿಕೇಷನ್ ಬೇರೆ ಹಾಕ್ಬೇಕು."

ಹಿಂದಿನ ವರ್ಷ ಅವಳು ಈಜಿನಲ್ಲೇ ಸೋತಿದ್ದಳು. ಈಜುಕೊಳದಲ್ಲಿ ಕಲಿತವಳಿಗೆ ಕೆರೆಯ ಕಪ್ಪು ನೀರಿನಲ್ಲಿ ತಳ ಕಾಣದೆ ಗಾಬರಿಯಾಗಿ, ಕೈ ಎತ್ತಿ ದೋಣಿ ಕರೆಸಿಕೊಂಡಿದ್ದಳು. ನೋಡಲು ಬಂದಿದ್ದ ಆಫೀಸಿನವರು ಯಾರೂ ನಗಲಿಲ್ಲ. ಅವಳಿಗೆ ನೋವಾದದ್ದೇ ಅದಕ್ಕೆ. "ಬೈದಿದ್ರ ಮರ್ತು ಬಿಡ್ತಿದ್ದೆ ಅವ್ವ. ಸಮಾಧಾನ ಮಾಡಿ ಕೇಕ್ ತಿನಿಸಿದ್ರು!"

ಮರುದಿನದಿಂದ ಮನೆಯ ಆಡಳಿತ ನನ್ನ ಕೈಗೆ ಬಂತು.

ಮಗಳ ಪದ್ಧತಿಯೇನೆಂದರೆ ವಾರದ ಅಭ್ಯಾಸವನ್ನೆಲ್ಲ ಭಾನುವಾರ ಒಂದೇ ದಿನ ಮಾಡಿ, ಬುಧವಾರದವರೆಗೆ ಮೆಟ್ಟಿಲು ಇಳಿಯಲಾರದೆ ನರಳುವುದು. ನಾನು ಅದನ್ನು ಒಡೆದು ಹಂಚಿದೆ. ದಿನಕ್ಕೆ ಸ್ವಲ್ಪವೇ, ಆದರೆ ತಪ್ಪದೆ. ಓಡುವಾಗ ಪಕ್ಕದವರೊಡನೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ. ಅವತ್ತು ಓಡಲು ಹೊರಟರೆ ಬೂಟು ಬಚ್ಚಿಡುತ್ತಿದ್ದೆ. ಶನಿವಾರ ಸೈಕಲ್ಲಿನಿಂದ ಇಳಿದ ತಕ್ಷಣ ಓಟ. ಮೊದಲ ಸಲ ಹಾಗೆ ಓಡಿದಾಗ "ಈ ಕಾಲು ನನ್ನವಲ್ಲ ಅವ್ವ, ಯಾರದೋ ತಂದು ಜೋಡಿಸ್ಯಾರ" ಎಂದು ಕೂಗಿದಳು. ಮೇ ತಿಂಗಳ ಹೊತ್ತಿಗೆ ಆ ಕಾಲುಗಳು ಅವಳವೇ ಆದವು.

ಸೈಕಲ್ಲಿನದು ಬೇರೆಯೇ ಕಥೆ. ಅವಳು ದಿನಾ ಅಂಗಡಿಗೆ ಹೋಗುತ್ತಿದ್ದ ಅಲ್ಲಿನ ಭಾರದ ಸೈಕಲ್ಲಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತಿತ್ತು. ಸ್ನೇಹಿತೆಯಿಂದ ತಂದ ಹಗುರವಾದ ರೇಸ್ ಸೈಕಲ್ಲಿಗೆ ಬ್ರೇಕ್ ಇದ್ದದ್ದು ಕೈಯಲ್ಲಿ. ಮೊದಲ ತಿರುವಿನಲ್ಲೇ ಇವಳು ಅಭ್ಯಾಸಬಲದಿಂದ ಹಿಂದಕ್ಕೆ ತುಳಿದಳು. ಪೆಡಲು ಬರಿದೇ ಗಿರ್ರೆಂದು ತಿರುಗಿತು. ಮಗಳು ಯಾರದೋ ಮನೆಯ ಹಸಿರು ಬೇಲಿಯೊಳಗೆ ಸೇರಿದಳು. ಆ ಮನೆಯ ಅಜ್ಜಿ ಹೊರಗೆ ಬಂದು, ಮೊದಲು ಗಿಡ ನೋಡಿ, ಆಮೇಲೆ ಇವಳನ್ನು ನೋಡಿದರು. ಆ ವಾರವೆಲ್ಲ ಖಾಲಿ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದೊಂದೇ ಪಾಠ.

ನನಗೆ ಈಜು ಬಾರದು. ಆದರೆ ಗಾಬರಿ ಎಂದರೇನು ಎಂದು ಗೊತ್ತು. ಕೆರೆಯ ಅಂಚಿನಲ್ಲೇ, ಎದೆಮಟ್ಟದ ನೀರಿನಲ್ಲಿ, ಅಂಗಾತ ತಿರುಗಿ ತೇಲುತ್ತ ನಿಧಾನವಾಗಿ ಉಸಿರು ಬಿಡುವುದನ್ನು ಮತ್ತೆ ಮತ್ತೆ ಮಾಡಿಸಿದೆ.

"ತಳ ಯಾಕ ನೋಡ್ತಿ? ಅಲ್ಲೇನು ನಿನ್ನ ಅತ್ತಿ ಮನಿ ಐತೇನು?"

"ನಮ್ಮನೆ ಮೈಸೂರಲ್ಲಿದೆ ಅತ್ತೆ," ಎಂದು ದಡದಿಂದ ಅಳಿಯ ನೆನಪಿಸಿದರು.

ನೀರು ತಣ್ಣಗಿರುವುದರಿಂದ ಮೈಗಂಟುವ ರಬ್ಬರ್ ಉಡುಪು ಬೇಕು. ಅದನ್ನು ಬಾಡಿಗೆಗೆ ತಂದೆವು. ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಅದು ಸರ್ರನೆ ಏರುತ್ತದೆ. ಈಜಿಗೆ ಕನ್ನಡಕ, ಟೊಪ್ಪಿ; ಆಮೇಲೆ ಹೆಲ್ಮೆಟ್, ಒಂದು ಜೊತೆ ಒಳ್ಳೆಯ ಬೂಟು. ಹೊಸಬರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ.

ಕೆರೆಯಿಂದ ಎದ್ದು ಬಂದು ಸೈಕಲ್ ಏರುವ ತಾಲೀಮಿಗೆಂದು ಇವನ್ನೆಲ್ಲ ನಾನು ಹಿತ್ತಲಿನಲ್ಲಿ ಟವೆಲಿನ ಮೇಲೆ ಥಿಯೇಟರಿನ ಟ್ರೇಯಂತೆ ಜೋಡಿಸಿದೆ. ಕಾಲುಚೀಲ ಒಂದರೊಳಗೊಂದು ಮಡಿಚಿ, ಬೂಟಿನ ಲೇಸು ಅಂದವಾಗಿ ಕಟ್ಟಿ, ಮೇಲೊಂದು ಶುಭ್ರವಾದ ಬಟ್ಟೆ ಹೊದಿಸಿದೆ. ಮಗಳು ಕೆರೆಯ ಬದಲಿಗೆ ಐಸ್ ಹಾಕಿದ ಬಕೆಟ್ಟಿನಲ್ಲಿ ಕೈ ಅದ್ದಿ ಓಡಿ ಬಂದಳು. ಬೆರಳು ಮರಗಟ್ಟಿದ್ದವು. ಕಾಲುಚೀಲ ಬಿಚ್ಚಲಿಲ್ಲ, ಗಂಟು ಸಡಿಲವಾಗಲಿಲ್ಲ.

"ಇದೆಲ್ಲಾ ಒಣ ಕೈಯವರಿಗೆ ಅವ್ವ!"

ಮತ್ತೆ ಜೋಡಿಸಿದೆವು. ಕಾಲುಚೀಲಕ್ಕೆ ಪೌಡರ್ ಉದುರಿಸಿ ಅರ್ಧಕ್ಕೆ ಸುರುಳಿ ಸುತ್ತಿಟ್ಟೆವು. ಲೇಸಿನ ಬದಲು ಎಲಾಸ್ಟಿಕ್ ಬಂತು. ಹೆಲ್ಮೆಟ್ ಸೈಕಲ್ಲಿನ ಹ್ಯಾಂಡಲ್ ಮೇಲೆ ಅಂಗಾತ, ಪಟ್ಟಿಗಳು ಹೊರಕ್ಕೆ. ಹೆಲ್ಮೆಟ್ ಪಟ್ಟಿ ಹಾಕಿಕೊಳ್ಳದೆ ಸೈಕಲ್ ಮುಟ್ಟುವ ಹಾಗಿಲ್ಲ ಎಂಬುದು ಅಲ್ಲಿನ ನಿಯಮ. ಅದು ನನಗೆ ಬಹಳ ಹಿಡಿಸಿತು. ಇನ್ನೊಂದು ನಿಯಮ ಹಿಡಿಸಲಿಲ್ಲ: ಹೊರಗಿನವರು ಕೈ ಹಾಕಿ ನೆರವಾದರೆ ಸ್ಪರ್ಧಿಯನ್ನು ಹೊರಗೆ ಹಾಕುತ್ತಾರೆ.

"ಅವತ್ತು ನಿಮ್ಮ ಕೈ ಕಟ್ಟಿ ಹಾಕ್ಬೇಕಾಗುತ್ತೆ ಅತ್ತೆ," ಎಂದರು ಅಳಿಯ.

ಜೂನ್‌ನ ಆ ಬೆಳಿಗ್ಗೆ ಚಳಿಗಾಳಿ ಬೀಸುತ್ತಿತ್ತು. ಮಗಳ ಸೈಕಲ್ಲಿಗೆ ಸಿಕ್ಕ ಜಾಗ ನೋಡುಗರನ್ನು ತಡೆಯುವ ಬೇಲಿಗೆ ಒತ್ತಿಕೊಂಡೇ ಇತ್ತು. ನಾನು ಬೇಲಿಯ ಈಚೆ ನಿಂತು ಕೆರೆ ನೋಡುತ್ತಿದ್ದೆ. ಈಜುವವರೆಲ್ಲ ಮುಂದೆ ಹೋದರು. ಅರ್ಧ ದಾರಿಯಲ್ಲಿ ಮಗಳ ಹಳದಿ ಟೊಪ್ಪಿ ನಿಂತುಬಿಟ್ಟಿತು. ದೋಣಿಯವನು ಅತ್ತ ತಿರುಗಿದ. ಟೊಪ್ಪಿ ಅಂಗಾತ ಮಲಗಿತು, ಕೊಂಚ ಹೊತ್ತು ತೇಲಿತು. ಕೈ ಮಾತ್ರ ಮೇಲೇಳಲಿಲ್ಲ. ಆಮೇಲೆ ಮಗುಚಿಕೊಂಡು ಮುಂದೆ ಸಾಗಿತು.

ನಡುಗುತ್ತ ಓಡಿ ಬಂದಳು. ರಬ್ಬರ್ ಉಡುಪು ಕಳಚಿತು, ಕಾಲುಚೀಲ ಏರಿತು, ಬೂಟು ಸೇರಿತು. ಹೆಲ್ಮೆಟ್ಟಿನ ಪಟ್ಟಿ ಮಾತ್ರ ಸೇರಲಿಲ್ಲ. ಬೆರಳು ಬೆಳ್ಳಗಾಗಿದ್ದವು. ಒತ್ತಿದಳು, ಜಾರಿತು, ಮತ್ತೆ ಒತ್ತಿದಳು, ಮತ್ತೆ ಜಾರಿತು. ಕಣ್ಣಲ್ಲಿ ನೀರು ತುಂಬಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಆ ಗದ್ದ! ನನ್ನ ಕೈ ತಾನಾಗಿಯೇ ಬೇಲಿ ದಾಟಿತು.

"ಮೆವ್ರಾವ್!" ಎಂದು ಕಿತ್ತಳೆ ಬಣ್ಣದ ಜಾಕೆಟ್ಟಿನ ಮೇಲ್ವಿಚಾರಕ ಅಂಗೈ ಎತ್ತಿದ. ಅಮ್ಮಾ ಎನ್ನುವ ಮರ್ಯಾದೆಯ ಮಾತೇ, ದನಿಯಲ್ಲಿ ಮಾತ್ರ ಮರ್ಯಾದೆ ಕಡಿಮೆಯಿತ್ತು. ಅಳಿಯ ನನ್ನ ಸೆರಗು ಹಿಡಿದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಬಾಯಿಗೆ ಯಾವ ನಿಯಮವೂ ಅಡ್ಡ ಬಂದಂತೆ ಕಾಣಲಿಲ್ಲ.

"ಕೈ ಕಂಕುಳಾಗ ಇಟ್ಕೊ! ಗಡಿಬಿಡಿ ಮಾಡಬ್ಯಾಡ. ಉಸರು ಬಿಡು ಮದಲ!"

ಮಗಳು ಕೈ ಕಂಕುಳಿಗೆ ಸೇರಿಸಿ, ಕೋಳಿಯಂತೆ ರೆಕ್ಕೆ ಮುದುಡಿ ನಿಂತಳು. ಮೇಲ್ವಿಚಾರಕ ಅಳಿಯನನ್ನು ಏನೋ ಕೇಳಿದ. ಅವರು ಡಚ್ಚಿನಲ್ಲಿ ವಿವರಿಸಿದರು. ಆತ ನಕ್ಕು ತನ್ನ ಕೈಗಳನ್ನೂ ಕಂಕುಳಿಗೆ ತುರುಕಿಕೊಂಡ. ಅಷ್ಟರಲ್ಲಿ ಪಟ್ಟಿ ಟಕ್ಕೆಂದಿತು. ಸೈಕಲ್ ಹೊರಟಿತು.

ಕೊನೆಯ ಗೆರೆ ಮುಟ್ಟಿದಾಗ ಅವಳ ಹಿಂದೆ ಉಳಿದವರು ಕೆಲವರೇ. ಆಫೀಸಿನವರು ಈ ಸಲ ಕೇಕ್ ಕೊಡಲಿಲ್ಲ, ಕೂಗಿ ಕುಣಿದರು. ಮಗಳು ಹುಲ್ಲಿನ ಮೇಲೆ ಬಿದ್ದು, ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಕೈ ಚಾಚಿದಳು. ಈಗ ಯಾವ ನಿಯಮವೂ ಇರಲಿಲ್ಲ. ಆ ಅಂಗೈಗೆ ಒಂದು ಶೇಂಗಾ ಉಂಡಿ ಇಟ್ಟೆ.

"ನೀರು ಬೇಕಾಗಿತ್ತವ್ವ," ಎಂದಳು.

"ಇಷ್ಟು ವರ್ಷದ ಸರ್ವಿಸಲ್ಲಿ ಮೊದಲ ತಪ್ಪು!" ಎಂದು ಅಳಿಯ ಚಪ್ಪಾಳೆ ತಟ್ಟಿದರು.

ನಾನು ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಉಂಡಿ ಖಾಲಿಯಾಗಿತ್ತು. ಕಣ್ಣು ತೆರೆಯದೆ ಮತ್ತೆ ಕೈ ಚಾಚಿದಳು. ಈ ಸಲ ಬಾಟಲಿ ಇಟ್ಟೆ.

"ಇಲ್ಲವ್ವ," ಎಂದಳು, "ಈಗ ಇನ್ನೊಂದು ಉಂಡಿ."