ಬಾಂಬ್ ಶೆಲ್ಟರಿನ ಬಾಗಿಲಿಗಂಟಿದ ಕೋಟೆ

ಸಿಂಗಾಪುರದ ಬೆಡೋಕಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಮಗ್ಗುಲಿಗೆ, ಇಲ್ಲಿನ ಸರ್ಕಾರದ ನಿಯಮದಂತೆ, ಒಂದು ಬಾಂಬ್ ಶೆಲ್ಟರ್ ಇದೆ. ದಪ್ಪ ಕಾಂಕ್ರೀಟಿನ ಗೋಡೆ, ಉಕ್ಕಿನ ಬಾಗಿಲು, ಒಳಗೆ ಎಂದೂ ಬಾರದ ಯುದ್ಧಕ್ಕೆ ಸಜ್ಜಾಗಿ ಕೂತ ಸೋನಾ ಮಸೂರಿ ಅಕ್ಕಿಮೂಟೆ, ಮುರಿದ ಫ್ಯಾನು, ಹಳೆಯ ಸೂಟ್‌ಕೇಸುಗಳು. ಆ ಬಾಗಿಲಿಗೆ ನನ್ನ ಹೆಂಡತಿ ವಸುಧಾ ರೋಮಿನಿಂದ ತಂದ ಅಂಗೈಯಗಲದ ಅಯಸ್ಕಾಂತವೊಂದನ್ನು ಅಂಟಿಸಿದ್ದಳು. ಅದರ ಮೇಲೆ ಟೈಬರ್ ನದಿಯ ದಂಡೆಯ ಒಂದು ದುಂಡು ಕೋಟೆಯ ಚಿತ್ರ.

ಆ ಕೋಟೆ ಕೋಟೆಯಾಗಿ ಹುಟ್ಟಿದ್ದಲ್ಲ, ಗೆಳೆಯರೇ. ಚಕ್ರವರ್ತಿಯೊಬ್ಬ ತನ್ನ ಮತ್ತು ತನ್ನವರ ಚಿತಾಭಸ್ಮಕ್ಕೆಂದು ಕಟ್ಟಿಸಿಕೊಂಡ ಗೋರಿ ಅದು. ಮುಂದೆ ಊರಿಗೆ ಭಯ ಹುಟ್ಟಿದಾಗ ಅದರ ದಪ್ಪ ಗೋಡೆಗಳು ಕಾವಲಿನವರ ಕಣ್ಣಿಗೆ ಬಿದ್ದವು. ಮುತ್ತಿಗೆ ಹಾಕಿದವರ ತಲೆಯ ಮೇಲೆ ಗೋರಿಯ ವಿಗ್ರಹಗಳನ್ನೇ ಕಿತ್ತು ಎಸೆದರಂತೆ. ಲೂಟಿಯ ಗದ್ದಲದಲ್ಲಿ ಚಕ್ರವರ್ತಿಯ ಬೂದಿ ಎಲ್ಲಿ ಚೆಲ್ಲಿಹೋಯಿತೋ ಹೇಳುವವರಿಲ್ಲ. ಆಮೇಲೆ ಪೋಪರು ಅದನ್ನು ಭದ್ರಕೋಟೆ ಮಾಡಿಕೊಂಡರು, ತಮ್ಮ ಅರಮನೆಯಿಂದ ಗೋಡೆಯ ಮೇಲೊಂದು ಮರೆದಾರಿ ಕಟ್ಟಿ, ಜೀವಕ್ಕೆ ಬಂದಾಗ ಓಡಿಬಂದು ಅಲ್ಲಿ ಅಡಗಿದರು. ಮಹಾಮಾರಿಯ ಕಾಲದಲ್ಲಿ ಅದರ ನೆತ್ತಿಯ ಮೇಲೆ ದೇವದೂತನೊಬ್ಬ ಕತ್ತಿಯನ್ನು ಒರೆಗೆ ಸೇರಿಸುವುದು ಕಂಡಿತೆಂಬ ಕಥೆಯೂ ಹುಟ್ಟಿ, ಕಟ್ಟಡಕ್ಕೆ ಆ ದೇವದೂತನ ಹೆಸರೇ ನಿಂತಿತು. ರೋಮಿಗೆ ಹೋದಾಗ ಗೈಡಿನ ಬಾಯಲ್ಲಿ ಇಷ್ಟೆಲ್ಲ ಕೇಳಿದ ವಸುಧಾ, "ರೀ, ಪಾಪ, ಕಟ್ಟಿಸಿದೋನೇ ಇಲ್ವಲ್ರೀ ಇಲ್ಲಿ!" ಎಂದು ನಿಜವಾಗಿ ನೊಂದುಕೊಂಡಳು. ಅದೇ ಕೋಟೆಯ ಎದುರಿನ ಸೇತುವೆಯ ಕಲ್ಲುಹಾಸಿನ ಮೇಲೆ ನಮ್ಮ ನೀಲಿ ಸೂಟ್‌ಕೇಸಿನ ಒಂದು ಚಕ್ರ ಮುರಿದಿತ್ತು.

ಅವಳು ಹೋದದ್ದು ಹೋದ ವರ್ಷ. ಅಸ್ಥಿಯನ್ನು ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಬಿಡಬೇಕೆಂಬುದು ಅವಳದೇ ಆಸೆ. ಮೈಸೂರಿನ ಪುರೋಹಿತರನ್ನು ಫೋನಿನಲ್ಲಿ ಕೇಳಿದರೆ, "ಮನೆ ಒಳಗೆ ಮಾತ್ರ ತರಬೇಡಿ ಸಾರ್, ಹೊರಗೆ ಮರಕ್ಕೆ ಕಟ್ಟಿಡಿ" ಎಂದರು. ಸಿಂಗಾಪುರದಲ್ಲಿ ಮರಕ್ಕೊಂದು ಕೆಂಪು ಬಟ್ಟೆಯ ಗಂಟು ಕಟ್ಟಿ ನೋಡಿ, ಅರ್ಧ ಗಂಟೆಯಲ್ಲಿ ಪೊಲೀಸರು ಬರುತ್ತಾರೆ! ನಾನು ಟುವಾಸಿನ ಕಾರ್ಖಾನೆಯ ಎಂಜಿನಿಯರ್, ಬುದ್ಧಿವಂತ ನೋಡಿ: ಗೋಡೆ ಬೇರೆ, ಬಾಗಿಲು ಬೇರೆ, ಆದ್ದರಿಂದ ಶೆಲ್ಟರ್ ಮನೆಯಲ್ಲ ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡು, ಅಸ್ಥಿಯ ಮಡಕೆಯನ್ನು ನೀಲಿ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿ ಅಲ್ಲಿ ಸೇರಿಸಿದೆ. ಹದಿಮೂರರ ಮಗಳು ನಿಧಿ ಹೆದರಿಯಾಳೆಂದು, ಅಮ್ಮನನ್ನು ದೇವಸ್ಥಾನದಲ್ಲಿ ಇಟ್ಟಿದ್ದೇನೆ ಎಂದೆ.

ತಿಂಗಳುಗಳು ಕಳೆದವು. ರಜೆ ಸಿಗುತ್ತಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ಅವಳನ್ನು ನೀರಿಗೆ ಬಿಡಲು ನನಗೆ ಮನಸ್ಸಿರಲಿಲ್ಲ. ದಿನಾ ಸಂಜೆ ಅಕ್ಕಿ ತೆಗೆಯುವ ನೆಪದಲ್ಲಿ ಒಳಗೆ ಹೋಗಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ. ದೀಪಾವಳಿಯ ಮುಂಚಿನ ಒಂದು ಶನಿವಾರ ಕೆಲಸ ಮುಗಿಸಿ ಬಂದಾಗ ಶೆಲ್ಟರ್ ಗುಡಿಸಿ ಒರೆಸಿ ಫಳಫಳ ಅನ್ನುತ್ತಿತ್ತು. "ಸರ್‌ಪ್ರೈಸ್ ಅಪ್ಪಾ! ಎಲ್ಲ ಕ್ಲಿಯರ್ ಮಾಡ್ದೆ. ಆ ಬ್ಲೂ ಸೂಟ್‌ಕೇಸ್ ವ್ಹೀಲ್ ಇರ್ಲಿಲ್ಲ ಲಾ, ಹಾರ್ನ್ ಹೊಡ್ಕೊಂಡು ಬರ್ತಾರಲ್ಲ, ಆ ಹಳೇ ಸಾಮಾನಿನ ಅಂಕಲ್‌ಗೆ ಕೊಟ್ಟೆ" ಎಂದಳು. ಅಮ್ಮನಂತೆಯೇ ಸೊಂಟಕ್ಕೆ ಕೈಯಿಟ್ಟು, ಹೊಗಳಿಕೆಗೆ ಕಾಯುತ್ತಾ ನಿಂತಿದ್ದಳು. ಜಾಣೆ ಕಣಮ್ಮ ಎಂದೆ.

ಆ ಮುದುಕನನ್ನು ಹುಡುಕಲು ಎಂಟು ದಿನ ಹಿಡಿಯಿತು. ಎಷ್ಟೋ ಸೂಟ್‌ಕೇಸುಗಳು ಬರುತ್ತವೆ, ಎಲ್ಲ ಕಂಟೇನರಿನಲ್ಲಿ ಹಡಗು ಹತ್ತಿ ಹೋಗುತ್ತವೆ ಎಂದು ಕೈಯಾಡಿಸಿದ. ನಾನು ಅವನೆದುರು, ಕಟ್ಟಡದ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಕಳ್ಳರೂ ಬರಲಿಲ್ಲ, ದಂಡೂ ಬರಲಿಲ್ಲ. ಉಕ್ಕಿನ ಬಾಗಿಲು ಹಾಗೇ ಇತ್ತು. ಚಕ್ರವರ್ತಿಯ ಬೂದಿ ಚೆಲ್ಲಿದ್ದು ಶತ್ರುಗಳು, ನನ್ನವಳದನ್ನು ಚೆಲ್ಲಿದ್ದು ನನ್ನ ಸುಳ್ಳು.

ಒಳಗಿನ ಬೂದಿ ಹೋದ ಮೇಲೂ ಆ ಗೋರಿ ಅಷ್ಟು ಶತಮಾನ ಕಾವಲು ಕಾದದ್ದಾದರೂ ಏನನ್ನು ಎಂದು ಹಿಂದೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ನಿಧಿಗೆ ಹೇಳಲು ನೂರು ಸಲ ಬಾಯಿ ತೆರೆದಿದ್ದೇನೆ, ಆ ಶನಿವಾರದ ಅವಳ ಮುಖ ನೆನಪಾಗಿ ನೂರು ಸಲವೂ ಮುಚ್ಚಿದ್ದೇನೆ. ಹೇಳಿದರೆ ಅವಳು ಬದುಕೆಲ್ಲ ಹೊರಬೇಕು, ಹೇಳದಿದ್ದರೆ ನಾನು ಹೊರಬೇಕು. ಕೊನೆಗೆ ಒಂದು ಹೊಸ ಮಡಕೆ ತಂದು, ವಸುಧಾಳ ಫೋಟೋದ ಮುಂದೆ ಇಷ್ಟು ದಿನ ಉರಿದ ಊದುಬತ್ತಿಗಳ ಬೂದಿ ತುಂಬಿ ಕೆಂಪು ಬಟ್ಟೆ ಕಟ್ಟಿದೆ. ದೇವಸ್ಥಾನದಿಂದ ತಂದೆ ಎಂದು ಹೇಳಿ ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಿದ್ದೇನೆ. ಈ ಸಲ ಶಾಸ್ತ್ರ ತಪ್ಪಿಲ್ಲ.

ನಾಳೆ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೊರಡುತ್ತೇವೆ. "ಅಪ್ಪಾ, ಅಮ್ಮನ್ನ ಲಗೇಜಲ್ಲಿ ಹಾಕ್ಬೇಡಿ, ನಾನೇ ತೊಡೆ ಮೇಲೆ ಇಟ್ಕೋತೀನಿ" ಎಂದ ನಿಧಿ, ಶೆಲ್ಟರಿನ ಬಾಗಿಲಿನಿಂದ ಆ ದುಂಡು ಕೋಟೆಯನ್ನು ಕಿತ್ತುಕೊಂಡು ಬಂದಳು. "ಅಮ್ಮಂಗೆ ಇದು ತುಂಬಾ ಇಷ್ಟ ಇತ್ತಲ್ವಾ" ಎಂದು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಬೂದಿಯ ಮೇಲೆ ಮೆಲ್ಲಗೆ ಇಟ್ಟು, ಮತ್ತೆ ಬಿಗಿಯಾಗಿ ಕಟ್ಟಿದಳು. ಆ ಮಡಕೆಯಲ್ಲಿ ವಸುಧಾ ಮುಟ್ಟಿದ್ದು ಅಂತ ಇರುವುದು ಈಗ ಅದೊಂದೇ.