ತುಕಾರಾಮ ಕಚ್ಚಿದ ಸ್ಕ್ರೂಡ್ರೈವರು

ಲೋಕಾಪುರದ ಮುಧೋಳ ರಸ್ತೆಯಲ್ಲಿ ತುಕಾರಾಮನ ಗ್ಯಾರೇಜು ಇತ್ತು. ಗ್ಯಾರೇಜು ಅಂದರೆ ನಾಲ್ಕು ತಗಡು, ಒಂದು ಬೇವಿನ ಮರ. ಜೀಪಿನವರು ಹುಡುಕಿಕೊಂಡು ಬರುತ್ತಿದ್ದುದು ಅವನ ಕಿವಿಗಾಗಿ. ತಣ್ಣಗೆ ನಿಂತ ಹಳೆಯ ಎಂಜಿನ್ನು ಬೆಳಿಗ್ಗೆ ಎದ್ದಾಗ ನಾಲ್ಕು ಸಲ ಟಕ್ ಎಂದು ಆ ಸದ್ದು ನಿಂತುಬಿಡುತ್ತದಲ್ಲ, ಅಷ್ಟರಲ್ಲೇ ಅವನು ರೋಗ ಹೇಳುತ್ತಿದ್ದ. ಬಿಸಿಯಾದ ಗಾಡಿ ತಂದವರಿಗೆ ಬೈಗುಳವೇ ಗತಿ.

"ಜ್ವರಾ ಇಳದ ಮ್ಯಾಲ ಡಾಕ್ಟರ ಕಡೆ ಬಂದೀಯಲ್ಲೋ. ಗಾಡಿ ಇಲ್ಲೇ ಬಿಡು, ಮುಂಜಾನಿ ಬಾ."

ಇಪ್ಪತ್ತೈದು ವರ್ಷ ಎಂಜಿನ್ನಿನ ಮೇಲೆ ಬಗ್ಗಿದವನ ಕಿವಿ ಉಳಿಯುತ್ತದೆಯೇ? 2003ರ ಹೊತ್ತಿಗೆ ಎರಡೂ ಹೋಗಿದ್ದವು. ಹೆಂಡತಿ ಬೋರವ್ವನ ಹೊರತು ಯಾರಿಗೂ ಹೇಳಲಿಲ್ಲ. ಗಿರಾಕಿಗಳ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಎಂಜಿನ್ನಿಗೆ ತುಟಿ ಎಲ್ಲಿಂದ ಬರಬೇಕು? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ ನೋಡಿದ. ಕಿವಿಗೆ ಬಾರದ ಸದ್ದು ದವಡೆಯ ಮೂಳೆ ಹಿಡಿದು ತಲೆಗೆ ಬಂತು. ಆ ದಿನ ಅವನು ಖುಷಿಯಿಂದ ಹೆಂಡತಿಗೆ ಜಿಲೇಬಿ ತಂದ.

ಆದರೆ ಕರೆದರೆ ತಿರುಗದವನನ್ನು ಪಕ್ಕದ ಜೀಪ್ ಸ್ಟ್ಯಾಂಡಿನ ಡ್ರೈವರುಗಳು ಗಮನಿಸದೆ ಇರುತ್ತಾರೆಯೇ? ಅವರಲ್ಲಿ ಅಪ್ಪಾಸಾಬ ದೊಡ್ಡ ಬಾಯಿಯವ. ಗಲಗಲಿಗೆ ಹಳೆಯ ಜೀಪು ಓಡಿಸುತ್ತಿದ್ದ, ಹತ್ತು ಜನರ ಜಾಗಕ್ಕೆ ಇಪ್ಪತ್ತು ಜನರನ್ನು ತುರುಕುತ್ತಿದ್ದ. ತನ್ನ ಗಾಡಿಯಲ್ಲಿ ಇಲ್ಲದ ಸದ್ದನ್ನು ಇದೆ ಎಂದು ಹೇಳಿ ಕಿವುಡನನ್ನು ಬಯಲಿಗೆಳೆಯುವ ಹುಕಿ ಅವನಿಗೆ ಬಂತು.

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಡ್ರೈವರುಗಳು ಗಾಡಿಗೆ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಮೊದಲ ಸ್ಟಾರ್ಟ್ ಮಾಡುತ್ತಾರೆ. ಆಗ ಯಾರೂ ಕೆಟ್ಟದ್ದು ನುಡಿಯಬಾರದು, ನುಡಿದರೆ ಅದು ಗಾಡಿಗೆ ಹತ್ತುತ್ತದೆ ಎಂಬ ನಂಬಿಕೆ. ತಮಾಷೆಯ ಭರದಲ್ಲಿ ಅಪ್ಪಾಸಾಬ ಅದನ್ನೇ ಮರೆತು, ನಾಲ್ಕು ಜನರನ್ನು ಕಟ್ಟಿಕೊಂಡು, ಇನ್ನೂ ಸ್ಟಾರ್ಟ್ ಮಾಡದ ಜೀಪನ್ನು ಗ್ಯಾರೇಜಿನ ಮುಂದೆ ತಳ್ಳಿ ತಂದ.

"ತುಕಾರಾಮಣ್ಣ, ಸ್ಟಾರ್ಟ್ ಮಾಡಿದ ಕೂಡ್ಲೆ ಸದ್ದ ಬರಾಕತ್ತೈತಿ. ಏನೈತಿ ನೋಡು."

ತುಕಾರಾಮ ಸ್ಕ್ರೂಡ್ರೈವರು ಕಚ್ಚಿ ಬಗ್ಗಿದ. ಅಪ್ಪಾಸಾಬ ಚಾವಿ ತಿರುಗಿಸಿದ. ಡೀಸೆಲ್ಲಿನ ಗದ್ದಲದ ಅಡಿಯಲ್ಲಿ ಮಂದವಾದ ಪೆಟ್ಟು ಹಲ್ಲಿಗೆ ಬಡಿಯಿತು. ಒಂದು, ಎರಡು, ಮೂರು. ಎಣ್ಣೆ ಮೇಲೇರಿತು, ಪೆಟ್ಟು ನಿಂತಿತು.

"ಕೆಳಗಿನ ಬೇರಿಂಗ್ ಸವದೈತಿ. ಲೋಡ್ ಹಾಕಬ್ಯಾಡ. ರಾಡ್ ಮುರದು ಎಂಜಿನ್ ಒಡಕೊಂಡು ಹೊರಗ ಬರ್ತೈತಿ."

ತಲೆ ಎತ್ತಿದಾಗ ಎಲ್ಲರ ಭುಜಗಳೂ ಕುಣಿಯುತ್ತಿದ್ದವು. ಅಪ್ಪಾಸಾಬ ಹೊಟ್ಟೆ ಹಿಡಿದುಕೊಂಡಿದ್ದ.

"ಸದ್ದೂ ಇಲ್ಲ, ಏನೂ ಇಲ್ಲಲೇ ಕಿವಡಾ."

ಕೊನೆಯ ಮಾತನ್ನು ತುಕಾರಾಮ ತುಟಿಯ ಮೇಲೆ ಓದಿದ. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಆದರೂ ಜೀಪಿನ ಬಾಗಿಲು ಹಿಡಿದುಕೊಂಡೇ ಅಂದ, "ನಗ್ರಿ. ಆದ್ರ ಮಂದಿ ತುಂಬಬ್ಯಾಡ್ರಿ."

ನಾಲ್ಕನೆಯ ದಿನ ಗಲಗಲಿ ಹತ್ತಿರ ರಾಡ್ ಮುರಿದು ಎಂಜಿನ್ನನ್ನು ಸೀಳಿತು. ಜೀಪು ರಸ್ತೆ ಬಿಟ್ಟು ಮಗುಚಿತು. ಸಂತೆಗೆಂದು ಬದನೆಕಾಯಿ ಹೊತ್ತು ಆ ಜೀಪು ಹತ್ತಿದ್ದ ಮುತ್ತವ್ವನ ಬಲಗಾಲು ಹೋಯಿತು.

ಇನ್ನು ತುಕಾರಾಮನನ್ನು ಊರು ತಲೆಯ ಮೇಲೆ ಹೊತ್ತು ಮೆರೆಸಿತು ಅಂದುಕೊಂಡಿರಾ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಅಮಾಸಿ ದಿನ, ಮೊದಲ ಸ್ಟಾರ್ಟಿಗೆ, ಕಬ್ಬಿಣ ಕಚ್ಚಿ ನುಡದಾನ," ಎಂದು ಅಪ್ಪಾಸಾಬ ಸ್ಟ್ಯಾಂಡಿನ ತುಂಬ ಹೇಳಿದ. "ಅವನ ಬಾಯಿ ಹತ್ತೇತಿ ನನ್ನ ಗಾಡಿಗೆ."

ಎಲ್ಲರೂ ನಂಬಿದರು. ಮುತ್ತವ್ವನೂ ನಂಬಿದಳು. ಗ್ಯಾರೇಜಿಗೆ ಗಾಡಿ ಬರುವುದು ನಿಂತಿತು. ಅಷ್ಟೇ ಆಗಿದ್ದರೆ ತುಕಾರಾಮ ಸಹಿಸುತ್ತಿದ್ದನೇನೋ. ಅವನು ಮತ್ತೆ ಏನಾದರೂ ನುಡಿದಾನೆಂದು ಬೆಳಿಗ್ಗೆ ಡ್ರೈವರುಗಳು ತಮ್ಮ ಗಾಡಿಗಳನ್ನು ಅವನ ಕಣ್ಣೆದುರು ಸ್ಟಾರ್ಟ್ ಕೂಡ ಮಾಡುತ್ತಿರಲಿಲ್ಲ. ಗ್ಯಾರೇಜು ದಾಟುವ ತನಕ ಕೈಯಿಂದಲೇ ತಳ್ಳಿಕೊಂಡು ಹೋಗುತ್ತಿದ್ದರು. ಅವನು ಬೇವಿನ ಮರದ ಕೆಳಗೆ ಕುಳಿತು ಅದನ್ನು ದಿನವೂ ನೋಡಬೇಕಿತ್ತು. ಇಂಥ ಶಿಕ್ಷೆಯನ್ನು ಕಳ್ಳನಿಗೂ ಯಾರೂ ಕೊಡುವುದಿಲ್ಲ.

ಎಂಟು ತಿಂಗಳಾದ ಮೇಲೆ ಅಪ್ಪಾಸಾಬ ಇನ್ನೊಂದು ಹಳೆಯ ಜೀಪು ತಂದ. ಒಂದು ಬೆಳಿಗ್ಗೆ ಹೆಂಗಸರು ಮಕ್ಕಳು ಆಗಲೇ ಹತ್ತಿ ಕುಳಿತಿದ್ದರು, ತಳ್ಳುವವರು ಸಾಲಲಿಲ್ಲ.

"ಏ ತುಕಾರಾಮ," ಎಂದು ಕೈಸನ್ನೆ ಮಾಡಿ ಕರೆದ. "ಬಾಯಿ ಮುಚ್ಕೊಂಡು ಒಂದ ಕೈ ಹಚ್ಚು ಬಾ."

ತುಕಾರಾಮ ಓಡಿಬಂದ. ಎಂಟು ತಿಂಗಳಲ್ಲಿ ಅವನನ್ನು ಗಾಡಿಯ ಹತ್ತಿರ ಕರೆದದ್ದು ಅದೇ ಮೊದಲು. ಪಕ್ಕದಿಂದ ಮುಂದಿನ ಮಡ್‌ಗಾರ್ಡಿಗೆ ಎರಡೂ ಅಂಗೈ ಹಚ್ಚಿ ತಳ್ಳಿದ. ಗ್ಯಾರೇಜು ದಾಟಿದ್ದೇ ತಡ, ಅಪ್ಪಾಸಾಬ ಚಾವಿ ತಿರುಗಿಸಿದ. ಅಂಗೈ ಇನ್ನೂ ಅಲ್ಲೇ ಇತ್ತು. ಒಂದು, ಎರಡು, ಮೂರು. ಅದೇ ಪೆಟ್ಟು.

ಅವನು ಬಾಯಿ ತೆರೆದ. ಅಪ್ಪಾಸಾಬ ಅವನ ಬಾಯಿಯನ್ನೇ ದುರುಗುಟ್ಟಿ ನೋಡುತ್ತಿದ್ದ.

"ಗಾಡಿ ಛಲೋ ಐತ್ರಿ," ಅಂದ ತುಕಾರಾಮ.

ಅಪ್ಪಾಸಾಬನ ಮುಖ ಅರಳಿತು. "ಹಿಂಗಿರಬೇಕ ನೋಡು ಬಾಯಿ. ನಾಳಿ ಬ್ರೇಕ್ ನೋಡಾಕ ಗಾಡಿ ತರ್ತೇನಿ."

ಜೀಪು ಗಲಗಲಿಯತ್ತ ಹೋಯಿತು. ಹಿಂದೆ ಕುಳಿತಿದ್ದ ಒಂದು ಮಗು ಕೈ ಬೀಸಿತು, ಅವನೂ ಬೀಸಿದ. ಆಮೇಲೆ ಗ್ಯಾರೇಜಿಗೆ ಹೋಗಿ, ಗಿರಾಕಿಗಳು ಕೂಡುವ ಬಾಕಿನ ಧೂಳು ಒರೆಸಿ ಹೊರಗಿಟ್ಟ.